ಕಡಿದ ಎಳೆ, ತಪ್ಪಿ ಬಿದ್ದ ಗಂಟು

ಕೊಡಗಿನ ಪತ್ರಿಕೆಗಳ ನಿಧನವಾರ್ತೆಗೆ ಒಂದು ಕ್ರಮವಿದೆ. ತೀರಿಕೊಂಡವರು ಮದುವೆಯಾದ ಕೊಡವ ಹೆಂಗಸಾಗಿದ್ದರೆ ಗಂಡನ ಒಕ್ಕದ (ಮನೆತನದ) ಹೆಸರಿನ ಜೊತೆಗೆ ‘ತಾಮನೆ’ ಎಂದು ಬರೆದು ತವರಿನ ಒಕ್ಕದ ಹೆಸರನ್ನೂ ಹಾಕುತ್ತಾರೆ. ಮದುವೆಯಾಗಿ ಅರವತ್ತು ವರ್ಷ ಕಳೆದಿದ್ದರೂ ಸರಿ, ಹುಟ್ಟಿದ ಮನೆಯ ಹೆಸರು ಬಿಟ್ಟುಹೋಗುವಂತಿಲ್ಲ. ನಮ್ಮೂರು ಕಕ್ಕಬೆಯಲ್ಲಿ ಮಳೆಗಾಲದ ಬೆಳಿಗ್ಗೆ ಪೇಪರ್ ಬಂದ ಕೂಡಲೇ ಹಿರಿಯರು ಮೊದಲು ತೆರೆಯುವುದು ಆ ಪುಟವನ್ನು. ತಾಮನೆ ಯಾವುದೆಂದು ತಿಳಿದರೆ ಯಾರಿಗೆ ಸುದ್ದಿ ಮುಟ್ಟಿಸಬೇಕು, ಯಾರು ಹೊರಡಬೇಕು ಎಂಬುದೆಲ್ಲ ತಾನಾಗಿ ತಿಳಿಯುತ್ತದೆ.

ಈ ಒಂದು ಪದ ವೈದ್ಯರಿಗೂ ಬೇಕು ಎಂದು ನನಗೆ ಅರ್ಥವಾದದ್ದು ಪಕ್ಕದ ತೋಟದ ಅಕ್ಕನ ಕಾಯಿಲೆಯಿಂದ. ಅವರಿಗೆ ನಲವತ್ತು ದಾಟಿದ ಹೊಸತರಲ್ಲೇ ಎದೆಯಲ್ಲಿ ಗಂಟು ಕಾಣಿಸಿತು. ಬೆಂಗಳೂರಿಗೆ ಹೋದರು, ಆಪರೇಷನ್ ಆಯಿತು. ಊರಿಗೆ ಮರಳುವಾಗ ವೈದ್ಯರು ಒಂದು ಹಾಳೆ ಕೊಟ್ಟು ಕಳಿಸಿದ್ದರು. ಅದರ ತುಂಬ ಪೆನ್ನಿನಲ್ಲಿ ಬರೆದ ಚೌಕ ಮತ್ತು ವೃತ್ತ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಕ್ಯಾನ್ಸರ್ ಬಂದವರ ಗುರುತಿನ ಒಳಗೆಲ್ಲ ಕಪ್ಪು. ಅಕ್ಕನ ವೃತ್ತ ಮಾತ್ರ ಕಪ್ಪಾಗಿತ್ತು. ಮೇಲಿನ ಸಾಲುಗಳೆಲ್ಲ ಖಾಲಿ. ಮನೆಯಲ್ಲಿ ಕೇಳಿಕೊಂಡು ತುಂಬಿ ತನ್ನಿ ಎಂದಿದ್ದರಂತೆ.

ಕೇಳುವುದು ಸುಲಭವಿರಲಿಲ್ಲ. ಕಯ್ಯಾಲೆಯಲ್ಲಿ (ಜಗಲಿಯಲ್ಲಿ) ಕುಳಿತಿದ್ದ ಅವರ ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಅಕ್ಕ ಮತ್ತೆ ಕೇಳಿದರು: “ಅವ್ವ, ನಿಮ್ಮ ಅಕ್ಕ ಹೇಗೆ ತೀರಿಕೊಂಡದ್ದು?” ಹೊರಗೆ ಹೆಂಚಿನ ಮೇಲೆ ಮಳೆ ಬೀಳುತ್ತಲೇ ಇತ್ತು. “ಹೊಟ್ಟೆಯಲ್ಲಿ ನೀರು ತುಂಬಿತ್ತು. ಮೂರೇ ತಿಂಗಳು,” ಎಂದರು ಅವ್ವ. ಸ್ವಲ್ಪ ಸುಮ್ಮನಿದ್ದು, “ನಮ್ಮ ಚಿಕ್ಕಮ್ಮನಿಗೂ ಎದೆಯಲ್ಲಿ ಹುಣ್ಣಾಗಿತ್ತು. ಯಾರಿಗೂ ಹೇಳಲಿಲ್ಲ ನಾವು,” ಎಂದರು. ಅಕ್ಕ ಪೆನ್ಸಿಲ್ ತೆಗೆದುಕೊಂಡು ಎರಡು ವೃತ್ತಗಳನ್ನು ಕಪ್ಪು ಮಾಡಿದರು. ಎರಡೂ ಅವ್ವನ ತಾಮನೆಯ ಕಡೆಯವು.

ಅಂದಿನಿಂದ ನನ್ನನ್ನು ಕೊರೆಯುತ್ತಿದ್ದ ಪ್ರಶ್ನೆ ಇದು. ಒಂದು ಮನೆಯಿಂದ ಇನ್ನೊಂದು ಮನೆಗೆ ಹೆಣ್ಣುಮಕ್ಕಳ ಜೊತೆ ಇಳಿದು ಬರುವುದಾದರೂ ಏನು? ಕ್ಯಾನ್ಸರ್ ಅಂಟುರೋಗವಲ್ಲ, ಗಡ್ಡೆಯೇನೂ ತಾಯಿಯಿಂದ ಮಗಳಿಗೆ ದಾಟುವುದಿಲ್ಲ. ದಾಟುವುದು ಒಂದು ಕೊರತೆ. ಜೀವಕೋಶದೊಳಗೆ ಕಡಿದ ಎಳೆಯನ್ನು ಸರಿಯಾಗಿ ಕೂಡಿಸುವ ಕೆಲಸದಲ್ಲಿನ ಕೊರತೆ. ಈ ಕೂಡಿಸುವ ಕೆಲಸ ಹೇಗೆ ನಡೆಯುತ್ತದೆ ಎಂದು ಹುಡುಕುತ್ತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ದಶಕಗಳನ್ನೇ ಕಳೆದವರಿದ್ದಾರೆ. ನಮ್ಮ ರಾಜ್ಯದಲ್ಲೇ ನಡೆದಿರುವ ಆ ಕೆಲಸದ ಬಗ್ಗೆ ಕನ್ನಡದಲ್ಲಿ ನಾವು ಮಾತಾಡಿದ್ದು ತೀರ ಕಡಿಮೆ.

ಮೊದಲು ಎಳೆಯ ವಿಷಯ. ಕೋಶಕೇಂದ್ರವಿರುವ ನಮ್ಮ ಒಂದೊಂದು ಜೀವಕೋಶದಲ್ಲೂ ಸುಮಾರು ಎರಡು ಮೀಟರ್ ಉದ್ದದ ಡಿಎನ್‌ಎ ಇದೆ. ಮಿಲಿಮೀಟರಿನ ನೂರನೇ ಒಂದು ಭಾಗದಷ್ಟೂ ಅಗಲವಿಲ್ಲದ ಕೋಶಕೇಂದ್ರದೊಳಗೆ ಅದು ಸುತ್ತಿ ಮಡಚಿ ಕುಳಿತಿದೆ. ಅದರಲ್ಲಿರುವುದು ನಾಲ್ಕೇ ಅಕ್ಷರ, ಆದರೆ ಬರಹದ ಉದ್ದ 300 ಕೋಟಿ ಅಕ್ಷರಗಳಿಗೂ ಹೆಚ್ಚು. ತಾಯಿಯಿಂದ ಒಂದು ಪ್ರತಿ, ತಂದೆಯಿಂದ ಒಂದು ಪ್ರತಿ. ಕೋಶ ಎರಡಾಗುವ ಪ್ರತಿ ಸಲವೂ ಈ ಇಡೀ ಬರಹವನ್ನು ನಕಲು ಮಾಡಬೇಕು. ದೇಹದಲ್ಲಿ ಸುಮಾರು 37 ಲಕ್ಷ ಕೋಟಿ ಜೀವಕೋಶಗಳಿವೆ ಎಂಬ ಲೆಕ್ಕದ ಜೊತೆ ಇಟ್ಟು ನೋಡಿದರೆ ನಮ್ಮೊಳಗೆ ನಡೆಯುತ್ತಿರುವ ನಕಲಿನ ಗಾತ್ರ ಕಲ್ಪನೆಗೆ ಸಿಗುವುದಿಲ್ಲ.

ಬಹಳ ಕಾಲ ಈ ಬರಹ ಕಲ್ಲಿನ ಶಾಸನದಷ್ಟು ಗಟ್ಟಿ ಎಂದೇ ವಿಜ್ಞಾನಿಗಳು ನಂಬಿದ್ದರು. ಆ ನಂಬಿಕೆಯನ್ನು ಅಲುಗಾಡಿಸಿದವರು ಸ್ವೀಡನ್ನಿನ ತೋಮಸ್ ಲಿಂಡಾಲ್. ಬರೀ ನೀರಿನಲ್ಲಿ, ಮೈಯ ಶಾಖದಲ್ಲಿ ಇದ್ದ ಮಾತ್ರಕ್ಕೇ ಒಂದು ಕೋಶದ ಡಿಎನ್‌ಎಯಿಂದ ದಿನಕ್ಕೆ ಸುಮಾರು ಹತ್ತು ಸಾವಿರ ಅಕ್ಷರಗಳು ಕಳಚಿ ಬೀಳುತ್ತವೆ ಎಂದು ಅವರು ಲೆಕ್ಕ ಹಾಕಿದರು. ವಿಕಿರಣ ಬೇಡ, ವಿಷ ಬೇಡ, ಬದುಕಿದ್ದರೆ ಸಾಕು, ಬರಹ ಸವೆಯುತ್ತದೆ. ಹಾಗಿದ್ದೂ ನಾವು ಬದುಕಿದ್ದೇವೆ ಎಂದರೆ ಒಳಗೆ ಯಾರೋ ಹಗಲಿರುಳೂ ರಿಪೇರಿ ಮಾಡುತ್ತಿರಬೇಕು. ಆ ರಿಪೇರಿಯ ದಾರಿಗಳನ್ನು ಬಿಡಿಸಿ ತೋರಿಸಿದ್ದಕ್ಕೆ ಲಿಂಡಾಲ್, ಪಾಲ್ ಮೋಡ್ರಿಚ್, ಅಜೀಜ್ ಸಂಜಾರ್ ಮೂವರಿಗೂ 2015ರ ರಸಾಯನಶಾಸ್ತ್ರದ ನೊಬೆಲ್ ಬಂತು.

ಒಂದು ಅಕ್ಷರ ಕಳಚಿದರೆ ಎದುರಿನ ಎಳೆಯನ್ನು ನೋಡಿಕೊಂಡು ತುಂಬಬಹುದು. ಡಿಎನ್‌ಎ ಎರಡೆಳೆಯ ಹುರಿಯಾಗಿರುವುದರಿಂದ ಒಂದರಲ್ಲಿ ಏನಿರಬೇಕೆಂದು ಇನ್ನೊಂದು ಹೇಳುತ್ತದೆ. ಎರಡೂ ಎಳೆಗಳು ಒಂದೇ ಕಡೆ ತುಂಡಾದರೆ ಕಷ್ಟ. ಬೆಳೆಯುತ್ತಿರುವ ಒಂದು ಕೋಶದಲ್ಲಿ ಇಂಥದ್ದು ದಿನಕ್ಕೆ ಹತ್ತರಿಂದ ಐವತ್ತು ಬಾರಿ ಆಗಬಹುದೆಂಬ ಅಂದಾಜಿದೆ. ಹಾಗೇ ಬಿಟ್ಟರೆ ಒಂದೇ ಒಂದು ತುಂಡೂ ಕೋಶವನ್ನು ಕೊಲ್ಲಬಲ್ಲದು.

ಮಳೆಗಾಲದಲ್ಲಿ ರಸ್ತೆ ಜರಿಯುವುದನ್ನು ಕಂಡ ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿ ಕಡಿದುಹೋದದ್ದು ನೆನಪಿರಬಹುದು. ರಸ್ತೆಯ ಒಂದು ಅಂಚು ಮಾತ್ರ ಕುಸಿದಿದ್ದರೆ ಇನ್ನೊಂದು ಅಂಚಿನಲ್ಲಿ ನಿಂತು ಕೆಲಸ ಮಾಡಬಹುದು. ಎರಡೂ ಹೋದರೆ? ಆಗ ಎರಡು ದಾರಿ. ಮೊದಲನೆಯದು, ಜೆಸಿಬಿ ತರಿಸಿ ಸಿಕ್ಕಿದ ಕಲ್ಲುಮಣ್ಣು ತುಂಬಿ, ಈ ತುದಿಗೂ ಆ ತುದಿಗೂ ಹೇಗಾದರೂ ಸಂಪರ್ಕ ಕೊಡುವುದು. ಬೇಗ ಆಗುತ್ತದೆ, ಜನ ಓಡಾಡುತ್ತಾರೆ, ಆದರೆ ಹಿಂದೆ ಅಲ್ಲಿದ್ದ ತಿರುವು ಹಾಗೇ ಇರುವುದಿಲ್ಲ, ನಾಲ್ಕಡಿ ಕಡಿಮೆಯೋ ಹೆಚ್ಚೋ ಆಗುತ್ತದೆ. ಎರಡನೆಯದು, ಹಳೆಯ ನಕ್ಷೆ ತೆಗೆಸಿ, ಅಳತೆ ಹಿಡಿದು ಇದ್ದ ಹಾಗೆಯೇ ಕಟ್ಟುವುದು. ತಡವಾಗುತ್ತದೆ, ಆದರೆ ರಸ್ತೆ ರಸ್ತೆಯಾಗಿಯೇ ಉಳಿಯುತ್ತದೆ.

ಕೋಶದಲ್ಲೂ ಇವೇ ಎರಡು ದಾರಿಗಳು. ಅವಸರದ ದಾರಿಯಲ್ಲಿ ಕೆಲವು ಪ್ರೋಟೀನುಗಳು ತುಂಡಾದ ಎರಡು ತುದಿಗಳನ್ನೂ ಹಿಡಿದು, ಅಂಚು ಸವರಿ, ನೇರ ಅಂಟಿಸಿಬಿಡುತ್ತವೆ. ಕೊನೆಯ ಅಂಟು ಹಾಕುವ ಪ್ರೋಟೀನಿನ ಹೆಸರು ಲೈಗೇಸ್-4. ಕೆಲವು ಅಕ್ಷರ ಕಳೆದುಹೋದರೂ ಹುರಿ ಉಳಿಯುತ್ತದೆ. ಸಾವಧಾನದ ದಾರಿಯಲ್ಲಿ ಕೋಶ ನಕ್ಷೆಯನ್ನು ಹುಡುಕುತ್ತದೆ. ನಕಲು ಮುಗಿದ ಮೇಲೆ ಪಕ್ಕದಲ್ಲೇ ಇರುವ ಅವಳಿ ಪ್ರತಿಯೇ ಆ ನಕ್ಷೆ. ಅದರಲ್ಲಿ ತನಗೆ ಹೊಂದುವ ಜಾಗವನ್ನು ಪತ್ತೆಹಚ್ಚಿ, ನೋಡಿಕೊಂಡು ಅಕ್ಷರಕ್ಕೆ ಅಕ್ಷರ ಬರೆದುಕೊಳ್ಳುತ್ತದೆ.

ಹೇಳಿಬಿಡುವುದು ಸುಲಭ. ಆದರೆ ಕೋಟಿಗಟ್ಟಲೆ ಅಕ್ಷರಗಳ ನಡುವೆ ತನ್ನದೇ ಸಾಲನ್ನು ಒಂದು ತುಂಡು ಎಳೆ ಹುಡುಕಿಕೊಳ್ಳುವುದಾದರೂ ಹೇಗೆ? ಈ ಪ್ರಶ್ನೆಗೆ ತಮ್ಮ ಇಡೀ ವೃತ್ತಿಜೀವನವನ್ನು ಕೊಟ್ಟವರು ಭಾರತೀಯ ವಿಜ್ಞಾನ ಸಂಸ್ಥೆಯ ಕಾಳಪ್ಪ ಮುನಿಯಪ್ಪ. ಎಂಬತ್ತರ ದಶಕದ ಮೊದಲಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚಾರ್ಲ್ಸ್ ರ‍್ಯಾಡಿಂಗ್ ಅವರ ಪ್ರಯೋಗಾಲಯದಲ್ಲಿ ಅವರು ರೆಕ್-ಎ ಎಂಬ ಬ್ಯಾಕ್ಟೀರಿಯಾದ ಪ್ರೋಟೀನನ್ನು ಹಿಡಿದುಕೊಂಡರು. ಒಂಟಿ ಎಳೆಯ ಉದ್ದಕ್ಕೂ ಸಾಲಾಗಿ ಕುಳಿತು ಅದನ್ನು ಹೊತ್ತುಕೊಂಡು ಜೋಡಿ ಹುಡುಕುವ ಪ್ರೋಟೀನ್ ಅದು. ಒಂದು ತೊಡಕಿತ್ತು. ಒಂಟಿ ಎಳೆ ನೂಲಿನ ಹಾಗೆ, ಬಿಟ್ಟರೆ ತನ್ನಷ್ಟಕ್ಕೆ ತಾನೇ ಸಿಕ್ಕಾಗುತ್ತದೆ. ಸಿಕ್ಕಿನ ಮೇಲೆ ರೆಕ್-ಎ ಸರಿಯಾಗಿ ಕೂರಲಾರದು. ಇನ್ನೊಂದು ಬಗೆಯ ಪ್ರೋಟೀನ್ ಬಂದು ಆ ಸಿಕ್ಕನ್ನು ಬಿಡಿಸಿಕೊಡುತ್ತದೆ, ಆಮೇಲೆ ರೆಕ್-ಎ ಕೆಲಸ ಹಿಡಿಯುತ್ತದೆ ಎಂದು ಮುನಿಯಪ್ಪ ಮತ್ತು ಸಂಗಡಿಗರು 1984ರಲ್ಲಿ ತೋರಿಸಿದರು. ಬೆಂಗಳೂರಿಗೆ ಮರಳಿದ ಮೇಲೆ ಕ್ಷಯದ ಬ್ಯಾಕ್ಟೀರಿಯಾದ ರೆಕ್-ಎ, ಯೀಸ್ಟಿನಲ್ಲಿ ವರ್ಣತಂತುಗಳು ಜೋಡಿಯಾಗುವಾಗ ಬೇಕಾಗುವ ಪ್ರೋಟೀನುಗಳು ಹೀಗೆ ಅದೇ ಎಳೆ ಹಿಡಿದು ಮುಂದುವರಿದರು. 1995ರಲ್ಲಿ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು.

ಬ್ಯಾಕ್ಟೀರಿಯಾ ಎಲ್ಲಿ, ಕಕ್ಕಬೆಯ ಅಕ್ಕನ ಎದೆಯ ಗಂಟು ಎಲ್ಲಿ ಎನಿಸಬಹುದು. ರೆಕ್-ಎಯ ಕೆಲಸವನ್ನು ಮನುಷ್ಯರಲ್ಲಿ ಮಾಡುವ ಪ್ರೋಟೀನಿಗೆ ರ‍್ಯಾಡ್-51 ಎಂದು ಹೆಸರು. ಈ ರ‍್ಯಾಡ್-51ನ್ನು ಕೈಹಿಡಿದು ತಂದು ಕಡಿದ ಎಳೆಯ ಮೇಲೆ ಕೂರಿಸುವ ಇನ್ನೊಂದು ಪ್ರೋಟೀನಿದೆ, ಅದೇ ಬಿಆರ್‌ಸಿಎ-2. ಅದರ ಒಡನಾಡಿ ಬಿಆರ್‌ಸಿಎ-1. ಕೆಲವು ಕುಟುಂಬಗಳಲ್ಲಿ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ತಲೆಮಾರಿನಿಂದ ತಲೆಮಾರಿಗೆ ಕಾಣಿಸುವುದೇಕೆ ಎಂದು ವರ್ಷಗಟ್ಟಲೆ ಹುಡುಕಿದ ಮೇರಿ-ಕ್ಲೇರ್ ಕಿಂಗ್ 1990ರಲ್ಲಿ 17ನೇ ವರ್ಣತಂತುವಿನ ಒಂದು ಭಾಗದತ್ತ ಬೊಟ್ಟು ಮಾಡಿದರು. 1994ರಲ್ಲಿ ಬಿಆರ್‌ಸಿಎ-1, ಮರುವರ್ಷ ಬಿಆರ್‌ಸಿಎ-2 ಕೈಗೆ ಸಿಕ್ಕವು. ಈ ವಂಶವಾಹಿಗಳು ಕ್ಯಾನ್ಸರ್ ತರಲೆಂದು ಇರುವಂಥವಲ್ಲ. ಇರುವುದೇ ರಿಪೇರಿಗೆ. ಕೆಟ್ಟಾಗ ಮಾತ್ರ ತೊಂದರೆ.

ಕೆಟ್ಟ ಪ್ರತಿಯನ್ನು ಪಡೆದು ಹುಟ್ಟಿದ ಹೆಣ್ಣುಮಗಳು ಹುಟ್ಟಿದ ದಿನದಿಂದಲೇ ರೋಗಿ ಏನಲ್ಲ, ಯಾಕೆಂದರೆ ಇನ್ನೊಬ್ಬ ಹೆತ್ತವರಿಂದ ಬಂದ ಒಳ್ಳೆಯ ಪ್ರತಿ ಇದ್ದೇ ಇರುತ್ತದೆ. ಕಕ್ಕಬೆಯಲ್ಲಿ ಕುಳಿತು ಈ ಎರಡು ಪ್ರತಿಗಳ ಮಾತು ಬರೆಯುವಾಗ ಜೇನು ನೆನಪಾಗದೆ ಇರದು, ಜೇನಿಗೇ ಹೆಸರಾದ ಊರು ಇದು. ಗೂಡಿನ ರಾಣಿಗೂ ಕೆಲಸಗಾರ್ತಿ ಹುಳುಗಳಿಗೂ 32 ವರ್ಣತಂತುಗಳು. ಗಂಡು ಹುಳುವಿಗೆ 16 ಮಾತ್ರ, ಅದು ತಂದೆಯಿಲ್ಲದೆ ಹುಟ್ಟುವಂಥದ್ದು. ಅದಕ್ಕೆ ಬಂದ ಒಂದೇ ಪ್ರತಿಯಲ್ಲಿ ತಪ್ಪಿದ್ದರೆ ತಪ್ಪು ಕೂಡಲೇ ಎದ್ದು ಕಾಣುತ್ತದೆ. ನಮಗೆ ಎರಡಿರುವುದರಿಂದ ತಪ್ಪು ಅಡಗಿಕೊಂಡು ಕೂರಬಲ್ಲದು. ಎಂದೋ ಒಂದು ದಿನ, ಎದೆಯ ಯಾವುದೋ ಒಂದು ಕೋಶದಲ್ಲಿ ಒಳ್ಳೆಯ ಪ್ರತಿಯೂ ಹಾಳಾದರೆ ಆ ಕೋಶದಲ್ಲಿ ಸಾವಧಾನದ ರಿಪೇರಿ ನಿಂತುಹೋಗುತ್ತದೆ. ಎರಡು ಪೆಟ್ಟು ಬೇಕು ಎಂಬ ಈ ವಿಚಾರವನ್ನು ಆಲ್ಫ್ರೆಡ್ ನಡ್ಸನ್ 1971ರಲ್ಲಿ ಮಕ್ಕಳ ಕಣ್ಣಿನ ಕ್ಯಾನ್ಸರನ್ನು ಗಮನಿಸಿ ಹೇಳಿದ್ದರು. ಹುಟ್ಟುವಾಗಲೇ ಒಂದು ಪೆಟ್ಟು ತಿಂದು ಬಂದವರಿಗೆ ಇನ್ನೊಂದೇ ಬಾಕಿ. ಆದ್ದರಿಂದಲೇ ಅವರಿಗೆ ಕಾಯಿಲೆ ಚಿಕ್ಕ ವಯಸ್ಸಿಗೇ ಬರುತ್ತದೆ.

ನಕ್ಷೆ ನೋಡಿ ಕಟ್ಟುವವರು ಇಲ್ಲದ ಕೋಶ ಅವಸರದ ರಿಪೇರಿಗಳನ್ನೇ ನೆಚ್ಚಿಕೊಳ್ಳುತ್ತದೆ. ಅಲ್ಲೊಂದು ಅಕ್ಷರ ಹೋಯಿತು, ಇಲ್ಲೊಂದು ಪ್ಯಾರಾ ಹೋಯಿತು, ಒಂದು ವರ್ಣತಂತುವಿನ ತುದಿ ಇನ್ನೊಂದಕ್ಕೆ ಅಂಟಿತು. ಪ್ರತಿ ನಕಲಿನಲ್ಲೂ ತಪ್ಪು ಬೆಳೆಯುತ್ತದೆ. ಜೀನೋಮ್ ಅಸ್ಥಿರತೆ ಎಂದು ವಿಜ್ಞಾನಿಗಳು ಕರೆಯುವುದು ಈ ಸ್ಥಿತಿಯನ್ನೇ. ಒಂದು ತಪ್ಪಿಗೆ ಕ್ಯಾನ್ಸರ್ ಆಗುವುದು ಅಪರೂಪ. ತಪ್ಪುಗಳು ಹುಟ್ಟುವ ವೇಗವೇ ಹೆಚ್ಚಾದಾಗ, ಬೆಳೆಯಲು ಹೇಳುವ ವಂಶವಾಹಿ ತೆರೆದುಕೊಂಡು ನಿಲ್ಲಲು ಹೇಳುವುದು ಮುಚ್ಚಿಕೊಳ್ಳುವ ದಿನ ಬೇಗ ಬರುತ್ತದೆ.

ಇದೆಲ್ಲ ತೀರ ಹೊಸ ವಿಚಾರವೂ ಅಲ್ಲ. ಜರ್ಮನಿಯ ಥಿಯೊಡೋರ್ ಬೊವೆರಿ ಕಡಲ ಜೀವಿಯೊಂದರ ಮೊಟ್ಟೆಗಳಲ್ಲಿ ವರ್ಣತಂತುಗಳು ತಪ್ಪಾಗಿ ಹಂಚಿಹೋದರೆ ಭ್ರೂಣ ಕೆಡುವುದನ್ನು ಕಂಡು, ಕ್ಯಾನ್ಸರಿನ ಮೂಲವೂ ಹೀಗೇ ಇರಬೇಕೆಂದು 1914ರಲ್ಲಿ ಪುಸ್ತಕ ಬರೆದರು. ಡಿಎನ್‌ಎಯ ರಚನೆ ತಿಳಿಯಲು ಇನ್ನೂ ನಲವತ್ತು ವರ್ಷ ಇತ್ತು. ಬಾರ್ಬರಾ ಮೆಕ್ಲಿಂಟಾಕ್ ಮೂವತ್ತರ ದಶಕದ ಕೊನೆಯಲ್ಲಿ ಮೆಕ್ಕೆಜೋಳದ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ, ಮುರಿದ ತುದಿಗಳು ಒಂದಕ್ಕೊಂದು ಅಂಟಿ, ಕೋಶ ಎರಡಾಗುವಾಗ ಎಳೆದಾಟದಲ್ಲಿ ಮತ್ತೆ ಮುರಿದು, ಮತ್ತೆ ಅಂಟುವ ಸರಣಿಯನ್ನು ವಿವರಿಸಿದರು. ಅವರ ಹೊಲದ ಜೋಳದಲ್ಲಿ ಕಂಡದ್ದು ಇಂದು ಗಡ್ಡೆಗಳ ಕೋಶಗಳಲ್ಲೂ ಕಾಣುತ್ತದೆ.

ಈಗ ತಪ್ಪಿ ಬಿದ್ದ ಗಂಟಿನ ಮಾತು. ಒಂದೇ ರಾತ್ರಿ ಎರಡು ರಸ್ತೆ ಕಡಿದು, ಕತ್ತಲಲ್ಲಿ ನಾಪೋಕ್ಲಿನ ರಸ್ತೆಯ ತುದಿಯನ್ನು ಭಾಗಮಂಡಲದ ರಸ್ತೆಯ ತುದಿಗೆ ಸೇರಿಸಿಬಿಟ್ಟರೆ ಹೇಗಿರುತ್ತದೆ? ಅಂಥದ್ದೇ ನಮ್ಮ ವರ್ಣತಂತುಗಳಲ್ಲೂ ಆಗುತ್ತದೆ. ಫಾಲಿಕ್ಯುಲರ್ ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರಿನಲ್ಲಿ ಬಹುಪಾಲು ರೋಗಿಗಳಲ್ಲಿ 14ನೇ ಮತ್ತು 18ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿ ಕೂಡಿಕೊಂಡಿರುತ್ತವೆ. 18ರಲ್ಲಿ ಬಿಸಿಎಲ್-2 ಎಂಬ ವಂಶವಾಹಿ ಇದೆ, ಕೋಶಕ್ಕೆ ಸಾಯಬೇಡ ಎಂದು ಹೇಳುವಂಥದ್ದು. 14ರಲ್ಲಿರುವುದು ರೋಗಗಳ ವಿರುದ್ಧ ಪ್ರತಿಕಾಯ ತಯಾರಿಸುವ ಜಾಗ, ಅದು ಪ್ರತಿಕಾಯ ಮಾಡುವ ಬಿಳಿ ರಕ್ತಕಣಗಳಲ್ಲಿ ಸದಾ ತೆರೆದೇ ಇರುತ್ತದೆ. ಎರಡೂ ಪಕ್ಕಪಕ್ಕ ಬಂದರೆ ಸಾಯಬೇಡ ಎಂಬ ಅಪ್ಪಣೆಯೂ ಸದಾ ಹೊರಡುತ್ತಲೇ ಇರುತ್ತದೆ. ಸಾಯಬೇಕಾದ ಕೋಶ ಸಾಯುವುದಿಲ್ಲ.

ಮುರಿತ ಯಾಕೆ ಮತ್ತೆ ಮತ್ತೆ ಅದೇ ಜಾಗದಲ್ಲಿ ಆಗುತ್ತದೆ? ಸತೀಶ್ ರಾಘವನ್ ಈ ಪ್ರಶ್ನೆಯ ಬೆನ್ನು ಹತ್ತಿದವರು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೈಕೆಲ್ ಲೀಬರ್ ಅವರ ಜೊತೆ ಕೆಲಸ ಮಾಡುವಾಗ, ಬಿಸಿಎಲ್-2ರ ಸುಮಾರು 150 ಅಕ್ಷರಗಳ ಒಂದು ಚಿಕ್ಕ ಭಾಗ ಎಲ್ಲ ಕಡೆಯಂತೆ ಸರಿಯಾದ ಹುರಿಯಾಗಿರದೆ ಬೇರೊಂದು ಆಕಾರಕ್ಕೆ ತಿರುಚಿಕೊಂಡಿರುತ್ತದೆ ಎಂದು 2004ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಕತ್ತರಿ ಯಾವುದು ಎಂಬುದೂ ಅಲ್ಲೇ ಬಯಲಾಯಿತು. ಪ್ರತಿಕಾಯಗಳಲ್ಲಿ ಲೆಕ್ಕವಿಲ್ಲದಷ್ಟು ಬಗೆ ಇರಲೆಂದು ನಮ್ಮ ದೇಹವೇ ಬಿಳಿ ರಕ್ತಕಣಗಳಲ್ಲಿ ಡಿಎನ್‌ಎಯನ್ನು ಬೇಕೆಂದೇ ಕತ್ತರಿಸಿ ಜೋಡಿಸುತ್ತದೆ. ಆ ಕೆಲಸದ ಕತ್ತರಿ ರ‍್ಯಾಗ್. ತಿರುಚಿಕೊಂಡ ಆ ಭಾಗವನ್ನು ಕಂಡು ರ‍್ಯಾಗ್ ಮೋಸಹೋಗಿ ಅಲ್ಲೂ ಕತ್ತರಿಸುತ್ತದೆ. ನನಗೆ ಇದನ್ನು ಓದಿದಾಗ ಮೈ ಜುಮ್ಮೆಂದಿತ್ತು. ನೆಗಡಿಯಿಂದ ಹಿಡಿದು ಸಿಡುಬಿನವರೆಗೆ ನಮ್ಮನ್ನು ಕಾಪಾಡಲು ಇರುವ ಕತ್ತರಿಯೇ ಒಂದು ತಪ್ಪು ಗುರುತಿನಿಂದ ಕ್ಯಾನ್ಸರಿಗೆ ದಾರಿ ಮಾಡುತ್ತದೆ. ಅಲ್ಲಿ ಹೊರಗಿನ ಶತ್ರು ಯಾರೂ ಇಲ್ಲ. ಇಂಥ ರೋಗಿಯನ್ನು ಏನು ಪಾಪ ಮಾಡಿದ್ದರೋ ಎಂದು ನೋಡುವ ಕಣ್ಣು ನಮ್ಮಲ್ಲಿ ಇನ್ನೂ ಇದೆ. ಆ ನೋಟಕ್ಕೆ ಈ 150 ಅಕ್ಷರಗಳಿಗಿಂತ ದೊಡ್ಡ ಉತ್ತರ ನನ್ನ ಬಳಿ ಇಲ್ಲ.

ರಾಘವನ್ ಆಮೇಲೆ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಅವಸರದ ರಿಪೇರಿಯನ್ನೇ ಕ್ಯಾನ್ಸರಿನ ವಿರುದ್ಧ ತಿರುಗಿಸಬಹುದೇ ಎಂದು ನೋಡತೊಡಗಿದರು. ವಿಕಿರಣ ಚಿಕಿತ್ಸೆ ಮಾಡುವುದೇನು? ಗಡ್ಡೆಯ ಕೋಶಗಳ ಡಿಎನ್‌ಎಯ ಎರಡೂ ಎಳೆಗಳನ್ನು ಕಡಿಯುತ್ತದೆ. ಗಡ್ಡೆಯ ಕೋಶ ಅದನ್ನು ಮತ್ತೆ ಅಂಟಿಸಿಕೊಂಡು ಬದುಕಲು ನೋಡುತ್ತದೆ. ಅಂಟು ಹಾಕುವ ಲೈಗೇಸ್-4ರ ಕೈ ಕಟ್ಟಿಹಾಕಿದರೆ ಕಡಿದದ್ದು ಕಡಿದೇ ಉಳಿದು ಕೋಶ ಸಾಯಬೇಕು. ಹೀಗೆ ಯೋಚಿಸಿ ರೂಪಿಸಿದ ಎಸ್‌ಸಿಆರ್-7 ಎಂಬ ಅಣುವಿನ ಬಗ್ಗೆ 2012ರ ಡಿಸೆಂಬರಿನಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಲೇಖನ ಬಂತು. ಇಲಿಗಳಲ್ಲಿ ಗಡ್ಡೆ ಬೆಳೆಯುವುದು ಕುಗ್ಗಿತು, ವಿಕಿರಣದ ಜೊತೆ ಕೊಟ್ಟಾಗ ಪರಿಣಾಮ ಹೆಚ್ಚಿತು. 2013ರಲ್ಲಿ ರಾಘವನ್ ಅವರಿಗೂ ಭಟ್ನಾಗರ್ ಪ್ರಶಸ್ತಿ ಸಂದಿತು. 2015ರಲ್ಲಿ ಬೇರೆ ದೇಶದ ಪ್ರಯೋಗಾಲಯಗಳು ಇದೇ ಅಣುವನ್ನು ಕ್ರಿಸ್ಪರ್ ಜೀನ್ ತಿದ್ದುಪಡಿಯಲ್ಲಿ, ಕೋಶ ಅವಸರದ ದಾರಿ ಬಿಟ್ಟು ನಕ್ಷೆಯ ದಾರಿ ಹಿಡಿಯುವಂತೆ ಮಾಡಲು ಬಳಸಿದವು.

ಮರುವರ್ಷವೇ ಇನ್ನೊಂದು ತಂಡ ತಕರಾರು ತೆಗೆಯಿತು. ಎಸ್‌ಸಿಆರ್-7 ಲೈಗೇಸ್-4ನ್ನು ಹೇಳಿದಷ್ಟು ಬಲವಾಗಿ ತಡೆಯುವುದಿಲ್ಲ, ಅದೊಂದನ್ನೇ ತಡೆಯುವುದೂ ಇಲ್ಲ ಎಂಬುದು ಅವರ ವಾದ. ಬೆಂಗಳೂರಿನ ತಂಡ ಅಣುವಿನ ಬೇರೆ ಬೇರೆ ರೂಪಗಳನ್ನು ಪರೀಕ್ಷಿಸುತ್ತ ಕೆಲಸ ಮುಂದುವರಿಸಿತು. ಈ ತಕರಾರನ್ನು ಮುಚ್ಚಿಟ್ಟು ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಕನ್ನಡಿಗರ ಊರಿನಲ್ಲಿ ಕ್ಯಾನ್ಸರಿಗೆ ಮದ್ದು ಸಿಕ್ಕಿತು ಎಂಬ ತಲೆಬರಹ ಓದಿ ಆಸೆಪಟ್ಟ ರೋಗಿಗಳಿರುತ್ತಾರೆ. ಅವರಿಗೆ ಎಸ್‌ಸಿಆರ್-7 ಇನ್ನೂ ಪ್ರಯೋಗಾಲಯದ ಸಾಧನ, ಅಂಗಡಿಯಲ್ಲಿ ಸಿಗುವ ಔಷಧಿ ಅಲ್ಲ ಎಂದು ಸ್ಪಷ್ಟವಾಗಿ ಹೇಳಬೇಕು. ಅದರ ಹಿಂದಿನ ಯೋಚನೆ ಮಾತ್ರ ಗಟ್ಟಿ ಎಂಬುದಕ್ಕೆ ಇನ್ನೊಂದು ಕಡೆಯಿಂದ ಸಾಕ್ಷಿ ಸಿಕ್ಕಿದೆ.

ಬಿಆರ್‌ಸಿಎ ಕೆಟ್ಟ ಗಡ್ಡೆಯಲ್ಲಿ ಸಾವಧಾನದ ರಿಪೇರಿ ಮೊದಲೇ ನಿಂತಿರುತ್ತದೆ. ಚಿಕ್ಕಪುಟ್ಟ ಬಿರುಕುಗಳನ್ನು ಮುಚ್ಚುವ ಪಾರ್ಪ್ ಎಂಬ ಇನ್ನೊಂದು ಪ್ರೋಟೀನನ್ನೂ ತಡೆದರೆ? ಬಿರುಕುಗಳೆಲ್ಲ ನಕಲಿನ ಹೊತ್ತಿಗೆ ಪೂರ್ತಿ ಮುರಿತಗಳಾಗಿ, ಕೂಡಿಸುವವರಿಲ್ಲದೆ ಆ ಕೋಶಗಳು ಸಾಯುತ್ತವೆ. ದೇಹದ ಬೇರೆ ಕೋಶಗಳಲ್ಲಿ ಒಳ್ಳೆಯ ಬಿಆರ್‌ಸಿಎ ಪ್ರತಿ ಒಂದು ಇರುವುದರಿಂದ ಅವು ತಾಳಿಕೊಳ್ಳುತ್ತವೆ. 2005ರಲ್ಲಿ ಎರಡು ತಂಡಗಳು ಒಂದೇ ಸಮಯಕ್ಕೆ ಇದನ್ನು ತೋರಿಸಿದವು. 2014ರಲ್ಲಿ ಒಲಾಪರಿಬ್ ಎಂಬ ಮಾತ್ರೆಗೆ ಅಂಡಾಶಯದ ಕ್ಯಾನ್ಸರಿಗೆ ಕೊಡಲು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಗಡ್ಡೆಯನ್ನು ಹುಟ್ಟಿಸಿದ ಕೊರತೆಯೇ ಗಡ್ಡೆಯ ದೌರ್ಬಲ್ಯವೂ ಆಯಿತು. ಬ್ಯಾಕ್ಟೀರಿಯಾದ ರೆಕ್-ಎ ಹಿಡಿದು ಕುಳಿತವರಿಗೆ ಇದರಿಂದೇನು ಲಾಭ ಎಂದು ಎಂಬತ್ತರ ದಶಕದಲ್ಲಿ ಯಾರಾದರೂ ಕೇಳಿದ್ದರೆ ಅವರು ಈ ಮಾತ್ರೆಯನ್ನು ತೋರಿಸಲು ಸಾಧ್ಯವಿರಲಿಲ್ಲ. ಫಲ ಯಾವಾಗ ಎಂದು ಹೇಳಲಾಗದ ಕೆಲಸಕ್ಕೂ ಸರ್ಕಾರದ ಹಣ ಹೋಗಬೇಕು ಎಂದು ನಾನು ನಂಬಿರುವುದು ಇದೇ ಕಾರಣಕ್ಕೆ.

ಕಾಫಿಯ ಸೀಮೆಯಲ್ಲಿ ಕುಳಿತು ಈ ಲೇಖನ ಬರೆಯುತ್ತ ಕಾಫಿಯ ಮಾತು ಬಿಡಲಾಗದು. ಕಾಫಿ ಕುಡಿದರೆ ಕ್ಯಾನ್ಸರ್ ಬರುತ್ತದೆಯೇ ಎಂದು ಕೇಳಿದವರಿಗೆ ಲೆಕ್ಕವಿಲ್ಲ. ವಿಚಿತ್ರವೆಂದರೆ ಕೆಫೀನ್ ಡಿಎನ್‌ಎ ರಿಪೇರಿಯ ಪ್ರಯೋಗಾಲಯಗಳಲ್ಲಿ ಹಳೆಯ ಪರಿಚಿತ. ಎಳೆ ಕಡಿದಾಗ ಕೋಶದಲ್ಲಿ ಎಟಿಎಂ, ಎಟಿಆರ್ ಎಂಬ ಎರಡು ಪ್ರೋಟೀನುಗಳು ಎಚ್ಚರಿಕೆಯ ಗಂಟೆ ಬಾರಿಸಿ, ರಿಪೇರಿ ಮುಗಿಯುವವರೆಗೆ ಎರಡಾಗಬೇಡ ಎನ್ನುತ್ತವೆ. ಕೆಫೀನ್ ಆ ಗಂಟೆಯನ್ನು ಕಟ್ಟಿಹಾಕುತ್ತದೆ. ಆದರೆ ಅದಕ್ಕೆ ಬೇಕಾದ ಪ್ರಮಾಣ, ಕಾಫಿ ಕುಡಿದವರ ರಕ್ತದಲ್ಲಿ ಸಿಗುವ ಕೆಫೀನಿನ ಸುಮಾರು ನೂರು ಪಟ್ಟು. ಲೋಟ ಕಾಫಿಯಿಂದ ಅಲ್ಲಿಗೆ ತಲುಪುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 1991ರಲ್ಲಿ ಕಾಫಿಯನ್ನು ಸಂಶಯದ ಪಟ್ಟಿಯಲ್ಲಿ ಇಟ್ಟಿತ್ತು, 2016ರಲ್ಲಿ ಅಲ್ಲಿಂದ ತೆಗೆಯಿತು. ಆದರೆ ಕಾಫಿಯೋ ಚಹಾವೋ ಬಿಸಿನೀರೋ, 65 ಡಿಗ್ರಿಗಿಂತ ಬಿಸಿಯಾಗಿ ಕುಡಿಯುವುದು ಅನ್ನನಾಳಕ್ಕೆ ಅಪಾಯವಾಗಬಹುದು ಎಂದು ಸೇರಿಸಿತು. ಮಳೆಗಾಲದ ಬೆಲ್ಲದ ಕಾಫಿಯನ್ನು ಎರಡು ನಿಮಿಷ ಬಿಟ್ಟು ಕುಡಿದರೆ ಸಾಕು.

ಹೊಗೆಸೊಪ್ಪು, ಅಡಿಕೆ, ಮದ್ಯ ಮಾತ್ರ ಬೇರೆಯೇ. ಮೂರೂ ಅದೇ ಸಂಸ್ಥೆಯ ಮೊದಲ ಪಟ್ಟಿಯಲ್ಲಿವೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆ ಎಂದು ಸಾಬೀತಾದವು. ಹೊಗೆಸೊಪ್ಪಿಲ್ಲದ ಅಡಿಕೆಯೂ 2004ರಿಂದ ಆ ಪಟ್ಟಿಯಲ್ಲಿದೆ. ಮದ್ಯ ದೇಹದಲ್ಲಿ ಅಸಿಟಾಲ್ಡಿಹೈಡ್ ಆಗುತ್ತದೆ, ಅದು ಡಿಎನ್‌ಎಯ ಎರಡು ಎಳೆಗಳನ್ನು ಒಂದಕ್ಕೊಂದು ಬೆಸೆದುಬಿಡಬಲ್ಲದು, ಬೆಸೆದ ಎಳೆ ನಕಲಿಗೆ ಬಿಚ್ಚಿಕೊಳ್ಳುವುದಿಲ್ಲ. ಈ ಬೆಸುಗೆ ಬಿಡಿಸುವ ಪ್ರೋಟೀನುಗಳು ಹುಟ್ಟಿನಿಂದಲೇ ಕೆಟ್ಟಿರುವ ಕಾಯಿಲೆಗೆ ಫ್ಯಾಂಕೋನಿ ಅನೀಮಿಯಾ ಎಂದು ಹೆಸರು. ಹೆಚ್ಚಾಗಿ ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಗುವಿಗೆ ಬರುವಂಥದ್ದು. ಸೋದರಮಾವ, ಸೋದರತ್ತೆಯ ಮಕ್ಕಳು ಎಂದು ಹತ್ತಿರದಲ್ಲೇ ಮದುವೆ ಮಾಡುವ ರೂಢಿ ಇರುವ ದಕ್ಷಿಣ ಕರ್ನಾಟಕ ಇದನ್ನು ತಿಳಿದಿರಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಅದೇ ಜೀವರಸಾಯನ ವಿಭಾಗದ ಗಣೇಶ್ ನಾಗರಾಜು ಅವರ ತಂಡ, ರ‍್ಯಾಡ್-51ರ ಬಂಧುವಾದ ರ‍್ಯಾಡ್-51ಸಿ ಎಂಬ ಪ್ರೋಟೀನ್ ಈ ಕಾಯಿಲೆಗೂ ಸ್ತನ ಕ್ಯಾನ್ಸರಿಗೂ ಹೇಗೆ ಸಂಬಂಧಿಸುತ್ತದೆ ಎಂದು 2012ರಲ್ಲಿ ಬಿಡಿಸಿ ತೋರಿಸಿತು.

ಇಷ್ಟೆಲ್ಲ ಓದಿ ಎದೆಗಾರಿಕೆ ಕಳೆದುಕೊಳ್ಳಬೇಕಾಗಿಲ್ಲ. ಸ್ತನ ಕ್ಯಾನ್ಸರುಗಳಲ್ಲಿ ವಂಶದಿಂದ ಬರುವುದು ನೂರಕ್ಕೆ ಐದರಿಂದ ಹತ್ತು ಮಾತ್ರ. ಆದರೆ ಆ ಐದು ಹತ್ತರೊಳಗೆ ಬಿದ್ದವರಿಗೆ ಅಪಾಯ ಬಹಳ. ಕೆಟ್ಟ ಬಿಆರ್‌ಸಿಎ-1 ಇರುವ ನೂರು ಹೆಂಗಸರಲ್ಲಿ 80 ವರ್ಷ ತುಂಬುವುದರೊಳಗೆ ಸುಮಾರು 72 ಮಂದಿಗೆ, ಬಿಆರ್‌ಸಿಎ-2 ಇರುವವರಲ್ಲಿ ಸುಮಾರು 69 ಮಂದಿಗೆ ಸ್ತನ ಕ್ಯಾನ್ಸರ್ ಬರಬಹುದೆಂದು 2017ರ ದೊಡ್ಡ ಅಧ್ಯಯನವೊಂದು ಲೆಕ್ಕ ಹಾಕಿದೆ. ಮೊದಲೇ ಗೊತ್ತಾದರೆ ಪರೀಕ್ಷೆಗಳನ್ನು ಬೇಗ ಶುರುಮಾಡಬಹುದು, ಗಡ್ಡೆ ಸಾಸಿವೆಯಷ್ಟಿರುವಾಗಲೇ ಹಿಡಿಯಬಹುದು, ಪಾರ್ಪ್ ತಡೆಯುವ ಮಾತ್ರೆ ಯಾರಿಗೆ ಹೊಂದುತ್ತದೆ ಎಂದು ತಿಳಿಯಬಹುದು. ಗೊತ್ತಾಗಬೇಕಾದರೆ ಮನೆಯವರು ಬಾಯಿ ಬಿಡಬೇಕು. ‘ಆ ಕಾಯಿಲೆ’ ಎಂದು ಹೆಸರು ಹೇಳದೆ, ಮಗಳ ಮದುವೆಗೆ ತೊಂದರೆಯಾದೀತೆಂದು ಮುಚ್ಚಿಟ್ಟ ಒಂದೊಂದು ಸಾವೂ ಆ ಹಾಳೆಯಲ್ಲಿ ಖಾಲಿ ಉಳಿದ ಒಂದು ವೃತ್ತ.

ಒಕ್ಕದ ವಂಶಾವಳಿ ಬರೆದಿಟ್ಟುಕೊಳ್ಳುವ ಅಭ್ಯಾಸ ಕೊಡಗಿನ ಎಷ್ಟೋ ಮನೆಗಳಲ್ಲಿದೆ. ಆದರೆ ಅದು ಗಂಡಿನಿಂದ ಗಂಡಿಗೆ ಇಳಿಯುವ ಮರ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಕೊಂಬೆ ಅಲ್ಲಿಗೇ ನಿಲ್ಲುತ್ತದೆ. ಬಿಆರ್‌ಸಿಎಗೆ ಈ ಭೇದ ಗೊತ್ತಿಲ್ಲ, ಮಗನಿಗೂ ಮಗಳಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಗಂಡುಮಗನಲ್ಲಿ ಏನೂ ತೋರದೆ ಅಡಗಿದ್ದು ಅವನ ಮಗಳಲ್ಲಿ ಕಾಣಿಸಬಹುದು. ಹಾಗಾಗಿ ತಂದೆಯ ಕಡೆಯ ಅತ್ತೆಯಂದಿರನ್ನೂ ತಾಯಿಯ ಕಡೆಯ ದೊಡ್ಡಮ್ಮ ಚಿಕ್ಕಮ್ಮಂದಿರನ್ನೂ ಸಮವಾಗಿ ಕೇಳಬೇಕು.

ಅಕ್ಕನ ರಕ್ತಪರೀಕ್ಷೆಯ ವರದಿ ಬಂದ ದಿನ ನಾನೂ ಅಲ್ಲಿದ್ದೆ. ಬಿಆರ್‌ಸಿಎ-1ರಲ್ಲಿ ತಪ್ಪಿತ್ತು. ಅವರು ಅಳಲಿಲ್ಲ. ಫೋನ್ ತೆಗೆದು ಅವ್ವನ ತಾಮನೆಯ ಕಡೆಯ ತಂಗಿಯರ ಒಬ್ಬೊಬ್ಬರ ನಂಬರನ್ನೂ ಹುಡುಕತೊಡಗಿದರು. ಅವ್ವ ಪಕ್ಕದಲ್ಲಿ ಕುಳಿತು, ಮದುವೆಯಾಗಿ ಯಾರು ಯಾವ ಮನೆಗೆ ಹೋದರು, ಯಾರಿಗೆ ಎಷ್ಟು ಹೆಣ್ಣುಮಕ್ಕಳು ಎಂದು ನೆನಪಿನಿಂದ ಹೇಳುತ್ತ ಹೋದರು. ಹಾಳೆ ಸಾಲದೆ ಅದರ ಕೆಳಗೆ ಇನ್ನೊಂದನ್ನು ಅಂಟಿಸಬೇಕಾಯಿತು. ಹನ್ನೊಂದು ಹೊಸ ವೃತ್ತಗಳು ಬಂದವು, ಎಲ್ಲವೂ ಬಿಳಿ. ಅದರಲ್ಲಿ ನಾಲ್ವರು ಆ ತಿಂಗಳೇ ಪರೀಕ್ಷೆಗೆ ಹೊರಟರು.